ಮಳೆಯಲ್ಲಿ ಬಾನೆಟ್‌ನಿಂದ ಹಬೆ: ಯಾವಾಗ ಸುಮ್ನಿರಬಹುದು, ಯಾವಾಗ ಗಾಡಿ ನಿಲ್ಲಿಸಬೇಕು

ಜೋರು ಮಳೆ. ಸಿಗ್ನಲ್‌ನಲ್ಲಿ ಕಾರು ನಿಂತಿದೆ. ಇದ್ದಕ್ಕಿದ್ದ ಹಾಗೆ ಬಾನೆಟ್ ಅಂಚಿನಿಂದ ಬೆಳ್ಳಗೆ ಏನೋ ಮೇಲೇಳುತ್ತದೆ. ಪಕ್ಕದ ಗಾಡಿಯವರು ಕೈ ಮಾಡಿ ತೋರಿಸುತ್ತಾರೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಅದು ಎಚ್ಚರಿಸಲಿಕ್ಕೋ, ಸಿಗ್ನಲ್ ಬಿಟ್ಟಿತು ಅಂತಲೋ ಗೊತ್ತಾಗುವುದಿಲ್ಲ. ಇಂಜಿನ್ ಕಥೆ ಮುಗಿಯಿತು ಅಂತ ಎದೆ ಧಸಕ್ ಅನ್ನುತ್ತದೆ.

ಹೆಚ್ಚಿನ ಸಲ ಅಲ್ಲಿ ಏನೂ ಆಗಿರುವುದಿಲ್ಲ. ಕಾದ ಲೋಹದ ಮೇಲೆ ಮಳೆನೀರು ಬಿದ್ದಿದೆ, ಆವಿಯಾಗಿದೆ, ಅಷ್ಟೆ. ಹಾಗಂತ ‘ಮಳೆಗೆ ಹಾಗೇ ಆಗುತ್ತೆ ಬಿಡಿ’ ಎಂದು ಪ್ರತಿ ಸಲ ತಳ್ಳಿಹಾಕುವಂತೆಯೂ ಇಲ್ಲ. ಮಳೆನೀರಿನ ಹಬೆ ಕಣ್ಣಿಗೆ ಬೀಳುವಂತೆ ಮಾಡುವ ತಂಪು, ತೇವದ ಗಾಳಿಯೇ ಕೂಲೆಂಟ್ (ಇಂಜಿನ್ ತಂಪಾಗಿಡುವ ದ್ರವ) ಲೀಕ್‌ನ ಹಬೆಯನ್ನೂ ಕಾಣಿಸುತ್ತದೆ. ಒಣ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಬಚ್ಚಿಟ್ಟುಕೊಂಡಿದ್ದ ಲೀಕ್, ಮೊದಲ ಮಳೆಗೆ ಹೊರಗೆ ಬರಬಹುದು. ನೋಡಲಿಕ್ಕೆ ಎರಡೂ ಒಂದೇ ಥರ. ಬೇರೆ ಮಾಡುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ. ಅದಕ್ಕೆ ಮೊದಲು ಬಾನೆಟ್ ಕೆಳಗೆ ಏನು ನಡೆಯುತ್ತಿದೆ ಅಂತ ಸ್ವಲ್ಪ ನೋಡೋಣ.

ಒಳಗೆ ಎಷ್ಟು ಬಿಸಿ?

ಇಂಜಿನ್ ಸುಡುವ ಇಂಧನದ ಶಕ್ತಿಯಲ್ಲಿ ಕೆಲಸಕ್ಕೆ ಬರುವುದು ಹೆಚ್ಚೂಕಡಿಮೆ ಮೂರನೇ ಒಂದು ಪಾಲು. ಇನ್ನೊಂದು ಪಾಲು ಸೈಲೆನ್ಸರ್ ದಾರಿಯಲ್ಲಿ ಬಿಸಿ ಅನಿಲವಾಗಿ ಹೊರಗೆ ಹೋಗುತ್ತದೆ. ಮತ್ತೊಂದನ್ನು ಕೂಲೆಂಟ್ ಹೊತ್ತುಕೊಂಡು ಬಂದು ರೇಡಿಯೇಟರ್ ಮೂಲಕ ಗಾಳಿಗೆ ಬಿಡುತ್ತದೆ. ಅಂದರೆ ನಾವು ಹಾಕಿಸಿದ ಪೆಟ್ರೋಲ್‌ನಲ್ಲಿ ಬಹುಪಾಲು ಕಾರನ್ನು ಓಡಿಸುವುದಕ್ಕಿಂತ ಸುತ್ತಲಿನ ಗಾಳಿಯನ್ನು ಕಾಯಿಸುವುದಕ್ಕೇ ಖರ್ಚಾಗುತ್ತದೆ.

ಈ ಬಿಸಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಇಂಜಿನ್ ಸರಿಯಾಗಿ ಕಾದ ಮೇಲೆ ಕೂಲೆಂಟ್ ಸಾಮಾನ್ಯವಾಗಿ 85ರಿಂದ 105 ಡಿಗ್ರಿ ಸೆಲ್ಸಿಯಸ್ ನಡುವೆ ಓಡಾಡುತ್ತದೆ. ರೇಡಿಯೇಟರ್‌ನ ಮೇಲಿನ ಹೋಸ್ ಪೈಪ್ ಮುಟ್ಟಿದರೆ ಕೈ ಸುಡುವುದು ಅದಕ್ಕೇ. ಆದರೆ ಇಂಜಿನ್‌ನಿಂದ ಹೊಗೆ ಹೊರಬರುವ ಜಾಗದಲ್ಲಿರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದೆಯಲ್ಲ, ಅದರ ಲೆಕ್ಕವೇ ಬೇರೆ. ನಿಧಾನಕ್ಕೆ ಓಡುವಾಗಲೂ ಅದು ಕೆಲವು ನೂರು ಡಿಗ್ರಿಯಲ್ಲಿರುತ್ತದೆ. ಲೋಡ್ ಹಾಕಿಕೊಂಡು ಏರು ಹತ್ತುವಾಗ 500 ದಾಟಬಹುದು. ಟರ್ಬೊ (ಹೊಗೆಯ ರಭಸದಿಂದ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಗಾಡಿಯಾದರೆ ಟರ್ಬೈನ್ ಇರುವ ಭಾಗ ಕೆಂಪಗೆ ಹೊಳೆಯುವಷ್ಟು ಕಾಯಬಹುದು. ಇವುಗಳ ಸುತ್ತ ತಗಡಿನ ಹೊದಿಕೆ ಇರುತ್ತದೆ. ಅದು ಅಕ್ಕಪಕ್ಕದ ಪ್ಲಾಸ್ಟಿಕ್, ವೈರ್‌ಗಳನ್ನು ಉಳಿಸಲಿಕ್ಕೆ ಇರುವುದು, ನೀರು ತಡೆಯಲಿಕ್ಕಲ್ಲ.

ಇನ್ನು ನೀರು ಒಳಗೆ ಬರುವ ದಾರಿ. ಬಾನೆಟ್ ಮುಚ್ಚಿದ್ದರೆ ಒಳಗೆಲ್ಲ ಒಣಗಿರುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಮುಂದಿನ ಗ್ರಿಲ್ ತೆರೆದೇ ಇರುತ್ತದೆ, ಗಾಳಿ ಬರಬೇಕಲ್ಲ. ಮಳೆಹನಿ, ಮುಂದಿನ ಗಾಡಿಯ ಚಕ್ರ ಎರಚುವ ನೀರು ಎಲ್ಲ ಅಲ್ಲಿಂದ ನೇರ ಒಳಗೆ ಬರುತ್ತದೆ. ಮೊದಲು ನೆನೆಯುವುದು ಎಸಿಯ ಕಂಡೆನ್ಸರ್. ಅದರ ಹಿಂದೆಯೇ ರೇಡಿಯೇಟರ್. ಕೆಳಗಡೆಯಿಂದ, ನಮ್ಮದೇ ಮುಂದಿನ ಚಕ್ರಗಳ ಪಕ್ಕದಿಂದಲೂ ನೀರು ಹಾರುತ್ತದೆ. ಗಾಡಿ ಅಡಿಯ ಪ್ಲಾಸ್ಟಿಕ್ ತಟ್ಟೆ ಒಡೆದು ಹೋಗಿದ್ದರೆ ಇನ್ನೂ ಜಾಸ್ತಿ. ಇದೆಲ್ಲ ಗೊತ್ತಿದ್ದೇ ಕಾರು ಮಾಡುತ್ತಾರೆ. ಇಂಜಿನ್ ಜಾಗ ನೆನೆಯುವುದು ಮಾಮೂಲಿ ವಿಷಯ, ಅಷ್ಟಕ್ಕೆ ಏನೂ ಕೆಡುವುದಿಲ್ಲ.

ನೀರು ಬಿದ್ದ ಮೇಲೆ ಎರಡು ಜಾಗದಲ್ಲಿ ಎರಡು ಥರ ಹಬೆ ಏಳುತ್ತದೆ. ರೇಡಿಯೇಟರ್ ಹೊರಮೈ ನೀರಿನ ಕುದಿಯುವ ಬಿಂದುವಿನ ಹತ್ತಿರ ಇರುತ್ತದೆ, ಸಾಮಾನ್ಯವಾಗಿ ದಾಟುವುದಿಲ್ಲ. ಅಲ್ಲಿ ನೀರು ಕುದಿಯುವುದಿಲ್ಲ, ಬೇಗಬೇಗ ಆರುತ್ತದೆ. ಆದರೆ ರೇಡಿಯೇಟರ್‌ನಲ್ಲಿ ಕಾಗದದಷ್ಟು ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಸಾಲುಸಾಲಾಗಿ ಇರುತ್ತವೆ. ಅವುಗಳ ಒಟ್ಟು ಮೈ ತುಂಬಾ ದೊಡ್ಡದು, ಸಂದುಗಳಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ಸದ್ದಿಲ್ಲದೆ, ಅಗಲವಾಗಿ, ಬಾನೆಟ್‌ನ ಮುಂದಿನ ಅಂಚಿನ ಉದ್ದಕ್ಕೂ ಹಬೆ ಏಳುತ್ತದೆ.

ಮ್ಯಾನಿಫೋಲ್ಡ್ ಮೇಲೆ ಬಿದ್ದ ಹನಿ ಹಾಗಲ್ಲ. ಅದು ಚುರ್ ಅನ್ನುತ್ತದೆ. ಇಲ್ಲೊಂದು ಮಜಾ ಇದೆ. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದರೆ ಹನಿಗಳು ತಕ್ಷಣ ಆರದೆ ಉರುಟಾಗಿ ಓಡಾಡುತ್ತವಲ್ಲ, ಅದೇ ಆಟ ಇಲ್ಲೂ ನಡೆಯುತ್ತದೆ. ಲೋಹ ಸುಮಾರು 200 ಡಿಗ್ರಿ ದಾಟಿದರೆ ಹನಿಯ ಅಡಿಭಾಗ ಮುಟ್ಟುವ ಮೊದಲೇ ಆವಿಯಾಗುತ್ತದೆ, ಆ ಆವಿಯ ಪದರದ ಮೇಲೆ ಉಳಿದ ಹನಿ ತೇಲುತ್ತದೆ. ಆವಿ ಬಿಸಿಯನ್ನು ಅಷ್ಟು ಬೇಗ ದಾಟಿಸುವುದಿಲ್ಲ. ಹಾಗಾಗಿ ತೀರಾ ಕಾದ ಲೋಹದ ಮೇಲಿನ ಹನಿ, ಸ್ವಲ್ಪ ಕಡಿಮೆ ಕಾದದ್ದರ ಮೇಲಿನ ಹನಿಗಿಂತ ಜಾಸ್ತಿ ಹೊತ್ತು ಬಾಳುತ್ತದೆ. 1756ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದ ಜರ್ಮನ್ ವೈದ್ಯ ಲೈಡೆನ್‌ಫ್ರಾಸ್ಟ್ ಅವರ ಹೆಸರೇ ಇದಕ್ಕೆ ನಿಂತಿದೆ. ಮ್ಯಾನಿಫೋಲ್ಡ್‌ನ ಒರಟು ಎರಕದ ಮೇಲೆ ಇದು ಅಷ್ಟು ಚೊಕ್ಕವಾಗಿ ಆಗುವುದಿಲ್ಲ, ಆದರೂ ಹನಿಗಳು ಸಿಡಿದು ಅಕ್ಕಪಕ್ಕಕ್ಕೆ ಹಾರಿ, ಅಲ್ಲಿಂದ ಹಬೆ ಏಳುವುದುಂಟು.

‘ಬಿಸಿ ಇಂಜಿನ್ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಲ್ವಾ?’ ಅಂತ ಕೇಳುವವರಿದ್ದಾರೆ. ಬಕೆಟ್‌ಗಟ್ಟಲೆ ಸುರಿದರೆ ಆ ಭಯ ಸುಳ್ಳಲ್ಲ. ಮಳೆಹನಿಗೆ ಅಷ್ಟು ತಾಕತ್ತಿಲ್ಲ. ಅಲ್ಲಲ್ಲಿ ಬಿದ್ದ ಹನಿ, ಆ ದಪ್ಪ ಲೋಹದ ಮೈ ಮೇಲಷ್ಟೇ ಒಂದು ಗಳಿಗೆ ತಂಪು ಮಾಡಿ ಆರಿಹೋಗುತ್ತದೆ.

ನೀರು ಆವಿಯಾಗುವಾಗ ಎಷ್ಟು ಬಿಸಿ ಎಳೆದುಕೊಳ್ಳುತ್ತದೆ ಅನ್ನುವುದನ್ನೂ ಹೇಳಬೇಕು. ಒಂದು ಗ್ರಾಂ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 314 ಜೂಲ್ ಸಾಕು. ಅದೇ ಗ್ರಾಂ ನೀರು 100 ಡಿಗ್ರಿಯಲ್ಲಿ ಪೂರ್ತಿ ಆವಿಯಾಗಲು ಸುಮಾರು 2,257 ಜೂಲ್ ಬೇಕು. ಏಳು ಪಟ್ಟು. ಹಾಗಾಗಿ ರೇಡಿಯೇಟರ್ ಮೇಲೆ ಬಿದ್ದ ಮಳೆ ಇಂಜಿನ್‌ಗೆ ಉಪಕಾರವನ್ನೇ ಮಾಡುತ್ತಿರುತ್ತದೆ. ನಾವು ನೋಡಿ ಹೆದರುವ ಆ ಬಿಳಿ ಹಬೆ, ಇಂಜಿನ್‌ನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತಿದೆ.

ಮಳೆಯಲ್ಲೇ ಯಾಕೆ, ನಿಂತಾಗಲೇ ಯಾಕೆ?

ನೀರಿನ ಆವಿ ಕಣ್ಣಿಗೆ ಕಾಣುವುದಿಲ್ಲ. ಅದು ಗಾಳಿಯ ಹಾಗೆಯೇ ಬಣ್ಣವಿಲ್ಲದ ಅನಿಲ. ನಮಗೆ ಬೆಳ್ಳಗೆ ಕಾಣುವುದು, ಆ ಆವಿ ತಣ್ಣಗಾಗಿ ಮತ್ತೆ ಸಣ್ಣ ಸಣ್ಣ ಹನಿಯಾದಾಗ. ಅಂದರೆ ಮಂಜು. ಬಾನೆಟ್ ಅಂಚನ್ನು ಹತ್ತಿರದಿಂದ ಗಮನಿಸಿದರೆ ಇದು ಗೊತ್ತಾಗುತ್ತದೆ. ಸಂದಿಯ ಬಾಯಲ್ಲಿ ಹಬೆ ತೆಳುವಾಗಿರುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಒಂದೆರಡು ಬೆರಳು ಮೇಲೆ ಹೋದ ಮೇಲೆ ದಟ್ಟವಾಗುತ್ತದೆ. ಇನ್ನೂ ಮೇಲೆ ಹೋದರೆ ಎಳೆ ಎಳೆಯಾಗಿ ಮಾಯ.

ಆವಿ ಮಂಜಾಗುತ್ತದೋ ಇಲ್ಲವೋ ಅನ್ನುವುದನ್ನು ನಿರ್ಧರಿಸುವುದು ಹೊರಗಿನ ಗಾಳಿ. ಗಾಳಿ ಬೆಚ್ಚಗಿದ್ದಷ್ಟೂ ಅದರಲ್ಲಿ ಜಾಸ್ತಿ ಆವಿ ಇರಬಲ್ಲದು. ಒಂದು ಘನ ಮೀಟರ್ ಗಾಳಿಯಲ್ಲಿ 10 ಡಿಗ್ರಿಯಾದರೆ ಸುಮಾರು 9 ಗ್ರಾಂ ಆವಿ ಇರಬಹುದು. 20 ಡಿಗ್ರಿಯಲ್ಲಿ 17 ಗ್ರಾಂ, 30 ಡಿಗ್ರಿಯಲ್ಲಿ 30 ಗ್ರಾಂ, 40 ಡಿಗ್ರಿಯಲ್ಲಿ 51 ಗ್ರಾಂ. ಬಿರುಬೇಸಿಗೆಯ ಒಣಗಾಳಿಯಲ್ಲಿ ಇಷ್ಟೂ ತುಂಬಿರುವುದಿಲ್ಲ. ತುಂಬಾ ಜಾಗ ಖಾಲಿ ಇರುತ್ತದೆ. ಬಾನೆಟ್‌ನಿಂದ ಬಂದ ಆವಿ ಅದರಲ್ಲಿ ಬೆರೆತು ಸುಳಿವೇ ಇಲ್ಲದಂತೆ ಹೋಗುತ್ತದೆ. ಮಳೆ ಬರುವಾಗ ಗಾಳಿ ತಂಪಾಗಿಯೂ ಇರುತ್ತದೆ, ಅದರ ಹೊಟ್ಟೆ ಹೆಚ್ಚೂಕಡಿಮೆ ತುಂಬಿಯೂ ಇರುತ್ತದೆ. ಇನ್ನು ಹೊಸ ಆವಿಗೆ ಜಾಗ ಎಲ್ಲಿ? ಬಂದದ್ದು ಬಂದ ಹಾಗೆ ಮಂಜಾಗಿ ನಿಲ್ಲುತ್ತದೆ.

ರಾತ್ರಿ ಇದು ಇನ್ನೂ ಜೋರಾಗಿ ಕಾಣುತ್ತದೆ. ಹೆಡ್‌ಲೈಟ್ ಬೆಳಕು ಆ ಸಣ್ಣ ಹನಿಗಳ ಮೇಲೆ ಬಿದ್ದು ಚದುರುತ್ತದೆ, ಹಗಲಲ್ಲಿ ತೆಳುವಾಗಿ ಕಾಣುವ ಹಬೆ ಆಗ ದೊಡ್ಡ ಮೋಡದ ಹಾಗೆ ಕಾಣುತ್ತದೆ.

ನಿಂತಾಗಲೇ ಯಾಕೆ ಅನ್ನುವುದಕ್ಕೆ ಉತ್ತರ ಸುಲಭ. ಓಡುವಾಗಲೂ ಹಬೆ ಏಳುತ್ತಲೇ ಇರುತ್ತದೆ. ಗಾಳಿ ಅದನ್ನು ಗಾಡಿಯ ಅಡಿಯಿಂದ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ, ನಮಗೆ ಕಾಣುವುದಿಲ್ಲ. ನಿಂತ ತಕ್ಷಣ ಆ ಗಾಳಿ ನಿಲ್ಲುತ್ತದೆ, ಬಿಸಿ ಹಬೆ ನೆಟ್ಟಗೆ ಮೇಲೇಳುತ್ತದೆ. ಇದರ ಜತೆ ಇನ್ನೊಂದು ಸೇರಿಕೊಳ್ಳುತ್ತದೆ. ಎದುರುಗಾಳಿ ಇಲ್ಲದೆ ಕೂಲೆಂಟ್ ಸ್ವಲ್ಪ ಬಿಸಿಯೇರುತ್ತದೆ. ಆಗ ರೇಡಿಯೇಟರ್ ಫ್ಯಾನ್ ಆನ್ ಆಗುತ್ತದೆ. ಅದು ಒದ್ದೆ ರೆಕ್ಕೆಗಳ ನಡುವಿನಿಂದ ಗಾಳಿ ಎಳೆದು, ಅಷ್ಟೂ ಹೊತ್ತು ಸಂದಿಯಲ್ಲಿ ನಿಂತಿದ್ದ ನೀರನ್ನು ಒಂದೇ ಸಲ ಆರಿಸಿ ಇಂಜಿನ್ ಕಡೆ ತಳ್ಳುತ್ತದೆ. ಫ್ಯಾನ್‌ನ ಗುಂಯ್ ಸದ್ದು ಕೇಳಿದ ಕೆಲವೇ ಸೆಕೆಂಡಿಗೆ ಹಬೆ ಬುಸ್ಸೆಂದು ಎದ್ದು, ಒಂದೆರಡು ನಿಮಿಷದಲ್ಲಿ ತಾನೇ ತೆಳುವಾದರೆ, ಅದು ಬಹುತೇಕ ಮಳೆನೀರೇ.

ಮನೆಗೆ ಬಂದು ಗಾಡಿ ಆಫ್ ಮಾಡಿದ ಮೇಲೂ ಕೆಲವು ನಿಮಿಷ ಹಬೆ ಬರಬಹುದು. ಇಂಜಿನ್ ನಿಂತರೆ ಕೂಲೆಂಟ್ ಓಡಾಟವೂ ನಿಲ್ಲುತ್ತದೆ, ಆದರೆ ಕಾದ ಲೋಹ ಒಂದೇ ಸಲ ತಣ್ಣಗಾಗುವುದಿಲ್ಲ. ಬಾನೆಟ್ ಒಳಮೈಗೆ ಅಂಟಿಸಿರುವ ಸದ್ದು ತಡೆಯುವ ಹಾಸು ನೆನೆದಿದ್ದರೆ ಅದು ಆರುವವರೆಗೂ ಹಬೆ ಬಿಡುತ್ತಿರುತ್ತದೆ. ಟಿಕ್ ಟಿಕ್ ಅಂತ ಸದ್ದು ಕೇಳಿದರೆ, ಅದು ಲೋಹ ತಣ್ಣಗಾಗಿ ಕುಗ್ಗುವ ಸದ್ದು. ಅದಕ್ಕೂ ಹೆದರಬೇಕಾಗಿಲ್ಲ.

ಲೀಕ್ ಬಚ್ಚಿಟ್ಟುಕೊಳ್ಳುವ ಬಗೆ

ಈಗ ಎರಡನೇ ಸಾಧ್ಯತೆಗೆ ಬರೋಣ. ಕೂಲೆಂಟ್ ಅಂದರೆ ಸಾಮಾನ್ಯವಾಗಿ ನೀರು ಮತ್ತು ಎಥಿಲೀನ್ ಗ್ಲೈಕಾಲ್ ಬೆರಕೆ. ಅರ್ಧಕ್ಕರ್ಧ ಬೆರೆಸಿದರೆ ತೆರೆದ ಪಾತ್ರೆಯಲ್ಲಿ ಅದು ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಆದರೆ ಕಾರಿನಲ್ಲಿ ಅದು ತೆರೆದಿರುವುದಿಲ್ಲ. ರೇಡಿಯೇಟರ್ ಅಥವಾ ಟ್ಯಾಂಕಿನ ಮುಚ್ಚಳದಲ್ಲಿ ಸ್ಪ್ರಿಂಗ್ ವಾಲ್ವ್ ಇದೆ. ಹೊರಗಿನದಕ್ಕಿಂತ ಸುಮಾರು ಒಂದು ಬಾರ್ (ಹೆಚ್ಚೂಕಡಿಮೆ ಹೊರಗಿನ ಗಾಳಿಯ ಒತ್ತಡದಷ್ಟೇ) ಜಾಸ್ತಿ ಒತ್ತಡ ಆಗುವವರೆಗೂ ಅದು ಬಿಡುವುದಿಲ್ಲ. ಒತ್ತಡ ಜಾಸ್ತಿಯಾದರೆ ಕುದಿಯುವ ಬಿಂದುವೂ ಮೇಲೇರುತ್ತದೆ, 125 ಡಿಗ್ರಿಯ ಆಸುಪಾಸಿಗೆ. ಹೀಗಾಗಿ 100 ಡಿಗ್ರಿಯಲ್ಲೂ ಕೂಲೆಂಟ್ ಕುದಿಯದೆ ದ್ರವವಾಗಿಯೇ ಓಡಾಡುತ್ತಿರುತ್ತದೆ.

ಇಂಥ ಕಡೆ ಸೂಜಿಮೊನೆಯಷ್ಟು ತೂತಾದರೆ? ಒಳಗಿನ ಒತ್ತಡ ಕೂಲೆಂಟನ್ನು ಸಣ್ಣ ಸಣ್ಣ ಹನಿಯಾಗಿ ಹೊರಗೆ ತಳ್ಳುತ್ತದೆ. ಹೊರಗೆ ಬಂದದ್ದು ಬಿಸಿ ಲೋಹಕ್ಕೆ ತಾಗಿ ಅಲ್ಲೇ ಆರುತ್ತದೆ. ನೆಲಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಒಣ ಹವೆಯಲ್ಲಿ ಅದರ ಹಬೆಯೂ ಕಾಣುವುದಿಲ್ಲ. ಗಾಡಿ ತಣ್ಣಗಾದ ಮೇಲೆ ಒತ್ತಡ ಇಳಿಯುತ್ತದೆ, ಲೀಕ್ ನಿಲ್ಲುತ್ತದೆ, ನೋಡಲು ಹೋದರೆ ಎಲ್ಲ ಒಣಗಿದೆ! ಗುರುತು ಉಳಿಯುವುದು ಒಂದೇ. ನೀರು ಆರಿದ ಜಾಗದಲ್ಲಿ ಬಿಳಿ ಅಥವಾ ಕೂಲೆಂಟಿನ ಬಣ್ಣದ ಹೊಪ್ಪಳೆಯಂಥ ಕಲೆ.

ಹೀಗೆ ಕಲೆ ಕಟ್ಟುವ ಜಾಗಗಳು ಮೆಕ್ಯಾನಿಕ್‌ಗಳಿಗೆ ಬಾಯಿಪಾಠ. ಹೋಸ್ ಪೈಪ್ ಕ್ಲಾಂಪ್ ಬಿಗಿದಿರುವ ಕತ್ತು ಒಂದು. ರೇಡಿಯೇಟರ್‌ನ ಅಲ್ಯೂಮಿನಿಯಂ ಭಾಗ ಮತ್ತು ಪ್ಲಾಸ್ಟಿಕ್ ಟ್ಯಾಂಕ್ ಕೂಡುವ ಅಂಚು ಇನ್ನೊಂದು. ವಾಟರ್ ಪಂಪ್‌ನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ, ಅದರ ಸುತ್ತ ಕಲೆ ಕಂಡರೆ ಪಂಪಿನ ಸೀಲ್ ಸವೆದಿದೆ ಅಂತಲೇ ಅರ್ಥ. ಆ ತೂತು ಇರುವುದೇ ಅದನ್ನು ಹೇಳಲಿಕ್ಕೆ.

ಬೇರೆ ಮಾಡುವುದು ಹೇಗೆ?

ನನ್ನನ್ನು ಕೇಳಿದರೆ ಮೊದಲು ನಂಬಬೇಕಾದದ್ದು ಮೂಗು, ಆಮೇಲೆ ಮೀಟರ್.

ಮಳೆನೀರಿನ ಹಬೆಗೆ ವಾಸನೆ ಇಲ್ಲ. ಇದ್ದರೂ ಒದ್ದೆ ಮಣ್ಣಿನ, ಕಾದ ಧೂಳಿನ ವಾಸನೆ. ಕೂಲೆಂಟ್ ಹಬೆಗೆ ಒಂಥರಾ ಸಿಹಿ, ಪಾಕದಂಥ ವಾಸನೆ ಇರುತ್ತದೆ. ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ. ಇದನ್ನು ಹಿಡಿಯಲು ಕೆಳಗಿಳಿಯಬೇಕಾಗಿಯೂ ಇಲ್ಲ. ಕಾರಿನೊಳಕ್ಕೆ ಹೊರಗಿನ ಗಾಳಿ ಬರುವ ಬಾಯಿ ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್‌ನ ಹಿಂದಿನ ಅಂಚಿಗೆ ಅಂಟಿಕೊಂಡೇ ಇರುತ್ತದೆ. ಎಸಿಯನ್ನು ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್‌ನಿಂದ ಬಿಡಿಸಿ, ಹೊರಗಿನ ಗಾಳಿಗೆ ಹಾಕಿ. ಬಾನೆಟ್ ಕೆಳಗೆ ಏನಿದೆಯೋ ಅದರ ವಾಸನೆ ಒಳಗೆ ಬರುತ್ತದೆ. ಹೊರಗಿನ ಗಾಳಿ ಮುಚ್ಚಿದಾಗಲೂ ಸಿಹಿ ವಾಸನೆ ಬರುತ್ತಿದ್ದರೆ, ಗಾಜಿನ ಒಳಮೈಗೆ ಜಿಡ್ಡಿನಂಥ ಮಸುಕು ಕೂರುತ್ತಿದ್ದರೆ, ಲೀಕ್ ಡ್ಯಾಶ್‌ಬೋರ್ಡ್ ಹಿಂದೆ ಕೂಲೆಂಟ್ ಹರಿಯುವ ಹೀಟರ್‌ನಲ್ಲೇ ಇರಬಹುದು.

ಸುಟ್ಟ ವಾಸನೆ ಬೇರೆ ಕಥೆ. ಇಂಜಿನ್ ಆಯಿಲ್ ಸೋರಿ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ನೀಲಿ ಛಾಯೆಯ ಹೊಗೆ, ಕಮಟು ಘಾಟು. ಅದಕ್ಕೂ ಮಳೆಗೂ ಸಂಬಂಧವಿಲ್ಲ, ಬಿಸಿಲಲ್ಲೂ ಬರುತ್ತದೆ. ಪ್ಲಾಸ್ಟಿಕ್ ಅಥವಾ ವೈರ್ ಸುಟ್ಟ ವಾಸನೆ, ಕಪ್ಪು ಹೊಗೆ ಇದ್ದರೆ ಯೋಚಿಸುತ್ತ ಕೂರಬಾರದು. ಗಾಡಿ ಬದಿಗೆ ಹಾಕಿ, ಆಫ್ ಮಾಡಿ, ಎಲ್ಲರೂ ಇಳಿದು ದೂರ ಹೋಗಬೇಕು. ಬಾನೆಟ್ ಎತ್ತಿ ನೋಡುವ ಆಸೆ ಬೇಡ. ಒಳಗೆ ಕಿಡಿ ಇದ್ದರೆ ಎತ್ತಿದ ಕೂಡಲೇ ಗಾಳಿ ಸಿಕ್ಕಿ ಬೆಂಕಿ ಏಳುತ್ತದೆ.

ಇನ್ನು ಟೆಂಪರೇಚರ್ ಮೀಟರ್. ಮುಳ್ಳು ಮಾಮೂಲಿ ಜಾಗದಲ್ಲಿದೆ, ವಾಸನೆ ಇಲ್ಲ, ಹಬೆ ತಾನೇ ಕಡಿಮೆಯಾಗುತ್ತಿದೆ ಅಂದರೆ ನೆಮ್ಮದಿಯಿಂದ ಹೋಗಬಹುದು. ಆದರೆ ಮುಳ್ಳನ್ನು ಒಂದನ್ನೇ ನಂಬಬಾರದು, ಅದಕ್ಕೆ ಎರಡು ಕಾರಣ ಇದೆ. ಒಂದು, ತುಂಬಾ ಗಾಡಿಗಳಲ್ಲಿ ಮುಳ್ಳು ಸುಮ್ನೆ ನಡುವೆ ನಿಲ್ಲುವ ಹಾಗೆ ಮಾಡಿರುತ್ತಾರೆ. ಕೂಲೆಂಟ್ ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಅದು ಅಲುಗಾಡುವುದಿಲ್ಲ, ಇಲ್ಲದಿದ್ದರೆ ಮುಳ್ಳು ಸ್ವಲ್ಪ ಆಡಿದ್ದಕ್ಕೂ ಗ್ರಾಹಕರು ಗ್ಯಾರೇಜಿಗೆ ಓಡುತ್ತಾರೆ. ಹಾಗಾಗಿ ಮುಳ್ಳು ಏರಲು ಶುರುವಾಯಿತು ಅಂದರೆ ವಿಷಯ ಆಗಲೇ ಮುಂದೆ ಹೋಗಿರುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಬಿಸಿ ಅಳೆಯುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರಬೇಕು. ಕೂಲೆಂಟ್ ಪೂರ್ತಿ ಸೋರಿ ಹೋದರೆ ಸೆನ್ಸರ್ ಸುತ್ತ ಬರೀ ಗಾಳಿ, ಆಗ ಅದು ಕಡಿಮೆ ಬಿಸಿ ತೋರಿಸಬಹುದು. ಇಂಜಿನ್ ಬೇಯುತ್ತಿರುವಾಗ ಮುಳ್ಳು ಕೆಳಗಿರುತ್ತದೆ. ಹೀಟರ್ ಹಾಕಿದರೂ ತಣ್ಣನೆ ಗಾಳಿ ಬಂದರೆ ಈ ಅನುಮಾನ ಗಟ್ಟಿಯಾಗುತ್ತದೆ, ಯಾಕೆಂದರೆ ಹೀಟರ್‌ಗೆ ಬಿಸಿ ಕೊಡುವುದೂ ಅದೇ ಕೂಲೆಂಟ್. ಕೆಲವು ಕಾರುಗಳಲ್ಲಿ ಮುಳ್ಳೇ ಇಲ್ಲ. ತಣ್ಣಗಿರುವಾಗ ನೀಲಿ ದೀಪ, ಕಾದು ಹೋದರೆ ಕೆಂಪು ದೀಪ, ಅಷ್ಟೇ. ಕೆಂಪು ಹತ್ತಿದರೆ ನಿಲ್ಲಿಸಲೇಬೇಕು.

ಸ್ವಲ್ಪ ತಡವಾದರೂ ಸುಳ್ಳು ಹೇಳದ ಪರೀಕ್ಷೆ ಅಂದರೆ ಕೂಲೆಂಟ್ ಮಟ್ಟ. ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟು ಜಾಗದಲ್ಲಿ ನೋಡಬೇಕು. ಬೆಳ್ಳನೆಯ ಪ್ಲಾಸ್ಟಿಕ್ ಟ್ಯಾಂಕಿನ ಮೇಲೆ ಕನಿಷ್ಠ, ಗರಿಷ್ಠ ಗೆರೆಗಳಿರುತ್ತವೆ. ಮಟ್ಟ ಎಲ್ಲಿದೆಯೋ ಅಲ್ಲಿಗೆ ಮಾರ್ಕರ್‌ನಿಂದ ಒಂದು ಗೀಟು ಎಳೆಯಿರಿ. ಒಂದೆರಡು ವಾರ ಬಿಟ್ಟು ಮತ್ತೆ ತಣ್ಣಗಿರುವಾಗ ನೋಡಿ. ಸುತ್ತಲೂ ಮುಚ್ಚಿದ ವ್ಯವಸ್ಥೆ ಇದು, ಕಣ್ಣಿಗೆ ಕಾಣುವಷ್ಟು ಇಳಿಯಬಾರದು. ಇಳಿದಿದ್ದರೆ ಎಲ್ಲೋ ಹೋಗುತ್ತಿದೆ. ‘ಟಾಪ್ ಅಪ್ ಮಾಡಿದರೆ ಆಯ್ತು’ ಅಂತ ಪದೇ ಪದೇ ನೀರು ಸುರಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಪ್ರತಿ ಸಲ ಬರೀ ನೀರು ಸೇರಿದಷ್ಟೂ ಕೂಲೆಂಟ್ ತೆಳುವಾಗುತ್ತದೆ, ಕುದಿಯುವ ಬಿಂದು ಇಳಿಯುತ್ತದೆ, ಒಳಗೆ ತುಕ್ಕು ಹಿಡಿಯುವುದನ್ನು ತಡೆಯುವ ಶಕ್ತಿಯೂ ಹೋಗುತ್ತದೆ. ಲೀಕ್ ಮಾತ್ರ ಹಾಗೇ ಇರುತ್ತದೆ.

ರಾತ್ರಿ ಇಂಜಿನ್ ಕೆಳಗೆ ಒಂದು ರಟ್ಟು ಹಾಸಿಡುವುದೂ ಒಳ್ಳೆಯ ಉಪಾಯ. ಬಣ್ಣವಿಲ್ಲದ ಬರೀ ನೀರಾದರೆ ಮಳೆಯದ್ದು ಅಥವಾ ಎಸಿಯದ್ದು. ಹಸಿರು, ಗುಲಾಬಿ, ಕಿತ್ತಳೆ ಅಥವಾ ನೀಲಿ ಕಲೆಯಾದರೆ ಕೂಲೆಂಟ್. ಕಂದು, ಕಪ್ಪು ಜಿಡ್ಡಾದರೆ ಆಯಿಲ್. ಕೂಲೆಂಟ್ ನೆಲಕ್ಕೆ ಬಿದ್ದಿದ್ದರೆ ತಕ್ಷಣ ತೊಳೆಯಿರಿ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿ, ಬೆಕ್ಕು ನೆಕ್ಕಿದರೆ ಜೀವಕ್ಕೇ ಅಪಾಯ, ಮಕ್ಕಳಿಗೂ ಅಷ್ಟೇ.

ಆಮೇಲೂ ಅನುಮಾನ ಹೋಗದಿದ್ದರೆ ಗ್ಯಾರೇಜಿನಲ್ಲಿ ಪ್ರೆಷರ್ ಟೆಸ್ಟ್ ಮಾಡಿಸಿ. ತಣ್ಣಗಿರುವ ಇಂಜಿನ್‌ಗೆ ಮುಚ್ಚಳದ ಜಾಗದಲ್ಲಿ ಕೈಪಂಪ್ ಸಿಕ್ಕಿಸಿ, ಓಡುವಾಗ ಇರುವಷ್ಟೇ ಒತ್ತಡ ಕೊಡುತ್ತಾರೆ. ಪಂಪಿನ ಮೀಟರ್ ಇಳಿದರೆ ಲೀಕ್ ಇದೆ. ಬಿಸಿ ಇಲ್ಲದ್ದರಿಂದ ಹೊರಬಂದ ಕೂಲೆಂಟ್ ಆರುವುದಿಲ್ಲ, ಎಲ್ಲಿಂದ ಬರುತ್ತಿದೆ ಅಂತ ಕಣ್ಣಾರೆ ಕಾಣುತ್ತದೆ.

ಹಿಂದಿನ ಸೈಲೆನ್ಸರ್‌ನಿಂದ ಬರುವ ಬಿಳಿ ಹಬೆಯನ್ನು ಇದರ ಜತೆ ಸೇರಿಸಬೇಡಿ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು ಒಂದು ಲೀಟರ್‌ನಷ್ಟು ನೀರೇ ಹುಟ್ಟುತ್ತದೆ, ಆವಿಯ ರೂಪದಲ್ಲಿ. ತಂಪು ಹವೆಯಲ್ಲಿ ಗಾಡಿ ಸ್ಟಾರ್ಟ್ ಮಾಡಿದಾಗ ಅದು ಕಾಣುವುದು ಸಹಜ. ಇಂಜಿನ್ ಪೂರ್ತಿ ಕಾದ ಮೇಲೂ ದಟ್ಟವಾಗಿ, ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಮೇಲ್ಭಾಗವಾದ ಹೆಡ್ ಮತ್ತು ಕೆಳಭಾಗದ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕು.

ನಿಜವಾಗಿಯೂ ಕಾದು ಹೋದರೆ

ಮುಳ್ಳು ಕೆಂಪಿಗೆ ಹೋಗಿದೆ, ಸಿಹಿ ವಾಸನೆ ಇದೆ, ಹಬೆ ಜೋರಾಗುತ್ತಲೇ ಇದೆ. ಆಗ ಎಸಿ ಆಫ್ ಮಾಡಿ, ಆದಷ್ಟು ಬೇಗ ಸುರಕ್ಷಿತ ಜಾಗಕ್ಕೆ ಗಾಡಿ ತೆಗೆದು, ಇಂಜಿನ್ ಆಫ್ ಮಾಡಿ. ನಿಲ್ಲಿಸಲು ಜಾಗವೇ ಇಲ್ಲದೆ ಇನ್ನೂ ಸ್ವಲ್ಪ ದೂರ ಹೋಗಲೇಬೇಕು ಅಂದರೆ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. ಒಳಗೆ ಕುಳಿತವರು ಬೆಂದು ಹೋಗುತ್ತಾರೆ ನಿಜ. ಆದರೆ ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್, ಇಂಜಿನ್‌ನ ಒಂದಿಷ್ಟು ಬಿಸಿ ಅಲ್ಲಿಂದ ಹೊರಗೆ ಹೋಗುತ್ತದೆ. ‘ಇನ್ನೇನು ಎರಡು ಕಿಲೋಮೀಟರ್ ತಾನೇ’ ಅಂತ ಎಳೆದುಕೊಂಡು ಹೋದರೆ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಪೈಪ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಇಂಜಿನ್ ಬಿಚ್ಚುವ ಕೆಲಸವಾಗುತ್ತದೆ.

ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ. ಇದನ್ನು ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಹೇಳುವವರು ಕಡಿಮೆ. ಒಳಗೆ 120 ಡಿಗ್ರಿ ಇರುವ ಕೂಲೆಂಟ್ ದ್ರವವಾಗಿ ಉಳಿದಿರುವುದು ಒತ್ತಡ ಇರುವುದರಿಂದ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿಯುತ್ತದೆ, ಕುದಿಯುವ ಬಿಂದು 107ಕ್ಕೆ ಬೀಳುತ್ತದೆ. ಈಗ ಆ ಕೂಲೆಂಟ್ ತನ್ನ ಕುದಿಯುವ ಬಿಂದುವಿಗಿಂತ ಮೇಲಿದೆ. ಅದರಲ್ಲಿ ಒಂದು ಭಾಗ ಆ ಕ್ಷಣದಲ್ಲೇ ಆವಿಯಾಗುತ್ತದೆ. ಒಂದು ಮಿಲಿಲೀಟರ್ ನೀರು ಆವಿಯಾದರೆ 1,600 ಮಿಲಿಲೀಟರ್‌ಗಿಂತಲೂ ಜಾಸ್ತಿ ಜಾಗ ಕೇಳುತ್ತದೆ. ಆ ಆವಿ, ಉಳಿದ ಕುದಿಯುವ ಕೂಲೆಂಟನ್ನೂ ತಳ್ಳಿಕೊಂಡು, ಮುಚ್ಚಳ ಹಿಡಿದವರ ಕೈ, ಮುಖಕ್ಕೇ ಹಾರುತ್ತದೆ. ಕನಿಷ್ಠ ಅರ್ಧ ಗಂಟೆಯಾದರೂ ಬಿಡಿ. ಮೇಲಿನ ಹೋಸ್ ಪೈಪ್ ಕೈಗೆ ತಣ್ಣಗಾಗಿ, ಹಿಸುಕಿದರೆ ಮೆತ್ತಗೆ ಅನ್ನಿಸುವವರೆಗೆ ಕಾಯಿರಿ. ಆಮೇಲೂ ದಪ್ಪ ಬಟ್ಟೆ ಹಾಕಿ, ಮುಖ ದೂರ ಇಟ್ಟುಕೊಂಡು, ನಿಧಾನಕ್ಕೆ ತಿರುಗಿಸಿ. ಮಳೆ ಬರುತ್ತಿದೆ, ಇಂಜಿನ್ ಬೇಗ ತಣ್ಣಗಾಗಲಿ ಅಂತ ಮೇಲಿಂದ ನೀರು ಸುರಿಯುವುದೂ ಬೇಡ.

ನೀರು ನಿಂತ ರಸ್ತೆ ದಾಟಿದ ಮೇಲೆ ಬರುವ ಹಬೆಗೂ ಒಂದು ಮಾತು ಸೇರಿಸಬೇಕು. ಆಗ ನೀರು ಕೆಳಗಿನಿಂದ ಬಂದು ಸೈಲೆನ್ಸರ್ ಪೈಪ್, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ತಾಗಿರುತ್ತದೆ. ಹಬೆ ಗಾಡಿಯ ಅಡಿಯಿಂದಲೇ ಏಳುತ್ತದೆ, ಅದರಷ್ಟಕ್ಕೆ ಅದು ಏನೂ ಅಲ್ಲ. ನೀರಿನ ಮಧ್ಯೆ ಇಂಜಿನ್ ನಿಂತುಬಿಟ್ಟರೆ ಮಾತ್ರ ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ಗಾಳಿ ಎಳೆಯುವ ಪೈಪಿನಿಂದ ಸಿಲಿಂಡರ್ ಒಳಗೆ ನೀರು ಹೋಗಿರಬಹುದು. ಗಾಳಿಯ ಹಾಗೆ ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಮೇಲೆ ಬಂದ ಪಿಸ್ಟನ್ ನೀರಿಗೆ ಗುದ್ದುತ್ತದೆ, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು.

ಮಳೆನೀರಿನ ಹಬೆಯೇ ಅಂತ ಖಚಿತವಾಯಿತು, ಆದರೆ ಪ್ರತಿ ಸಲ ತುಂಬಾ ಜಾಸ್ತಿ ಬರುತ್ತಿದೆ ಅಂದರೆ ಮುಂದಿನ ಗಾಜಿನ ಬುಡ ನೋಡಿ. ವೈಪರ್‌ಗಳ ಕೆಳಗಿನ ಪ್ಲಾಸ್ಟಿಕ್ ಜಾಲರಿಯಡಿ ಒಂದು ಕಾಲುವೆ ಇದೆ. ಗಾಜಿನ ಮೇಲಿಂದ ಇಳಿದ ನೀರು ಅಲ್ಲಿ ಸೇರಿ, ಎರಡೂ ಬದಿಯ ತೂತುಗಳಿಂದ ಕೆಳಗೆ ಹರಿಯಬೇಕು. ಮರದಡಿ ನಿಲ್ಲಿಸುವ ಗಾಡಿಗಳಲ್ಲಿ ತರಗೆಲೆ ಕೊಳೆತು ಆ ತೂತು ಮುಚ್ಚಿಹೋಗಿರುತ್ತದೆ. ನೀರು ತುಂಬಿ, ಅಂಚು ದಾಟಿ, ಇಂಜಿನ್‌ನ ಹಿಂಭಾಗಕ್ಕೆ ಧಾರೆಯಾಗಿ ಬೀಳುತ್ತದೆ. ಕೆಲವು ಗಾಡಿಗಳಲ್ಲಿ ಮ್ಯಾನಿಫೋಲ್ಡ್ ಇರುವುದೂ ಆ ಕಡೆಯೇ. ಸ್ಪಾರ್ಕ್ ಪ್ಲಗ್ ಗುಂಡಿಗೆ ನೀರಿಳಿದು ಇಂಜಿನ್ ಮಿಸ್ ಹೊಡೆಯುವುದೂ, ಕಾಲಡಿಯ ಕಾರ್ಪೆಟ್ ನೆನೆಯುವುದೂ ಇದರಿಂದಲೇ. ಎಲೆ ತೆಗೆದು, ಒಂದು ಮಗ್ ನೀರು ಹಾಕಿ, ಎರಡೂ ಮುಂದಿನ ಚಕ್ರಗಳ ಹಿಂದೆ ನೀರು ಸರಾಗವಾಗಿ ಇಳಿಯುತ್ತದೆಯೇ ಅಂತ ನೋಡಿದರೆ ಸಾಕು.